ಮತಪತ್ರದಲ್ಲಿ ಒಂದೇ ಹೆಸರಿದ್ದರೆ ಓಟು ಯಾಕೆ?

ಪ್ರಶ್ನೆ: ಮೇಡಂ ನಮಸ್ಕಾರ. ನೀವು ಅಮೆರಿಕದ ಚುನಾವಣಾ ಕಾನೂನು ಪಾಠ ಮಾಡುವವರು ಅಂತ ಇಲ್ಲಿ ಓದಿದೆ, ಅದಕ್ಕೇ ಕೇಳುತ್ತಿದ್ದೇನೆ. ಇಲ್ಲಿಯ ಪೌರತ್ವ ಸಿಕ್ಕಿದ ಮೇಲೆ ಈ ನವೆಂಬರ್‌ನಲ್ಲಿ ಮೊದಲ ಸಲ ಓಟು ಹಾಕಿದೆ. ರಾಜ್ಯದ ಶಾಸನಸಭೆಯ ಸೀಟಿಗೆ ಒಂದೇ ಹೆಸರು! ಅದರ ಕೆಳಗೆ ಒಂದು ಖಾಲಿ ಗೆರೆ. ಭಾರತದಲ್ಲಾದರೆ ಅವಿರೋಧ ಆಯ್ಕೆ ಅಂತ ಘೋಷಿಸಿ ಮುಗಿಸುತ್ತಾರೆ, 2024ರಲ್ಲಿ ಸೂರತ್ ಲೋಕಸಭಾ ಕ್ಷೇತ್ರದಲ್ಲಿ ಆದ ಹಾಗೆ. ಇಲ್ಲಿ ಸುಮ್ನೆ ಶಾಸ್ತ್ರಕ್ಕೆ ಯಾಕೆ ಕೇಳುತ್ತಾರೆ? ಇದಕ್ಕೆಲ್ಲ ಗೆರಿಮ್ಯಾಂಡರಿಂಗೇ ಕಾರಣ ಅಲ್ವಾ?

ಉತ್ತರ: ಎಲ್ಲ ರಾಜ್ಯದಲ್ಲೂ ಕೇಳುವುದಿಲ್ಲ. ಫ್ಲೋರಿಡಾದಲ್ಲಿ ಎದುರಾಳಿ ಇಲ್ಲದವರ ಹೆಸರನ್ನು ಮತಪತ್ರದಲ್ಲಿ ಅಚ್ಚು ಹಾಕುವುದೇ ಇಲ್ಲ. ನೀವು ನೋಡಿದ ಖಾಲಿ ಗೆರೆ 'ರೈಟ್-ಇನ್', ಅಂದರೆ ಬೇರೆಯವರ ಹೆಸರನ್ನು ನೀವೇ ಬರೆಯುವ ಜಾಗ. ಅದರಿಂದ ಗೆದ್ದವರು ಬಹಳ ಕಡಿಮೆ.

ಇನ್ನು ಗೆರಿಮ್ಯಾಂಡರಿಂಗ್. ಗೆಲ್ಲಲು ಅನುಕೂಲ ಆಗುವ ಹಾಗೆ ಕ್ಷೇತ್ರದ ಗಡಿ ಎಳೆಯುವುದು. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಡ್ಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಾಣುತ್ತಿತ್ತು, ಹೆಸರು ಬಂದದ್ದು ಹಾಗೆ. ಪಕ್ಷದ ಲಾಭಕ್ಕೆ ಎಳೆದ ಗಡಿಯ ವಿಷಯಕ್ಕೆ ಫೆಡರಲ್ ಕೋರ್ಟುಗಳು ಕೈ ಹಾಕುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2019ರಲ್ಲಿ 5-4ರ ತೀರ್ಪು ಕೊಟ್ಟಿದೆ. ಆದ್ದರಿಂದ ನಿಮ್ಮ ಸಿಟ್ಟು ತಪ್ಪಲ್ಲ.

ಆದರೂ ಎಲ್ಲ ತಪ್ಪನ್ನೂ ನಕ್ಷೆಯ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಅದೇ ಮ್ಯಾಸಚೂಸೆಟ್ಸ್ ನೋಡಿ. ಅಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಸಕರು ಎದುರಾಳಿಯೇ ಇಲ್ಲದೆ ಗೆಲ್ಲುವುದು ಮಾಮೂಲು. ರಿಪಬ್ಲಿಕನ್ನರು ರಾಜ್ಯದ ತುಂಬ ಚದುರಿಕೊಂಡಿದ್ದಾರೆ. ಗೆರೆ ಹೇಗೇ ಎಳೆದರೂ ಬಹಳಷ್ಟು ಕಡೆ ಅವರದು ಸಣ್ಣ ಪಾಲೇ. ಎಷ್ಟೋ ದಕ್ಷಿಣದ ಹಳ್ಳಿಗಾಡಿನಲ್ಲಿ ಇದೇ ಪಾಡು ಡೆಮಾಕ್ರಟರದು.

ಸೋಲುವುದು ಖಾತ್ರಿ ಇರುವಾಗ ನಿಲ್ಲುವವರು ಯಾರು? ತಿಂಗಳುಗಟ್ಟಲೆ ಮನೆಮನೆ ಸುತ್ತಬೇಕು, ಕೈಯಿಂದ ಹಣ ಹಾಕಬೇಕು. ಗೆದ್ದರೂ ಸಂಬಳ ನೋಡಿ: ಟೆಕ್ಸಸ್‌ನಲ್ಲಿ ವರ್ಷಕ್ಕೆ 7,200 ಡಾಲರ್ ಮತ್ತು ಭತ್ಯೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 100 ಡಾಲರ್. ತಿಂಗಳಿಗಲ್ಲ, ವರ್ಷಕ್ಕೆ! 1889ರಿಂದ ಅಷ್ಟೇ ಇದೆ.

ಅದೇ ಪ್ರಶ್ನೆ ಕೇಳಿದವರು: ಹಾಗಾದರೆ ನಾನು ಎಲ್ಲಿ ಆರಿಸಬೇಕಿತ್ತು ಮೇಡಂ?

ಉತ್ತರ: ಪ್ರೈಮರಿಯಲ್ಲಿ. ಪಕ್ಷದ ಟಿಕೆಟ್ ಯಾರಿಗೆ ಅಂತ ಮತದಾರರೇ ತೀರ್ಮಾನಿಸುವ ಮೊದಲ ಸುತ್ತು ಅದು. ಒಂದು ಪಕ್ಷದ ಕೋಟೆಯಲ್ಲಿ ಶಾಸಕ ಯಾರು ಅನ್ನುವುದು ಅಲ್ಲೇ ಮುಗಿದಿರುತ್ತದೆ. ಜನ ಬರುವುದು ಮಾತ್ರ ಬಹಳ ಕಡಿಮೆ. ಕೆಲವು ರಾಜ್ಯಗಳಲ್ಲಿ ಆ ಪಕ್ಷಕ್ಕೆ ನೋಂದಾಯಿಸಿಕೊಂಡವರನ್ನು ಬಿಟ್ಟು ಬೇರೆಯವರಿಗೆ ಪ್ರವೇಶವೇ ಇಲ್ಲ.

ಫ್ಲೋರಿಡಾದವರು ಇದಕ್ಕೆ 1998ರಲ್ಲಿ ಒಂದು ಮದ್ದು ಹುಡುಕಿದರು. ನಿಂತವರೆಲ್ಲ ಒಂದೇ ಪಕ್ಷದವರಾಗಿ, ಮುಂದೆ ಎದುರಾಳಿಯೂ ಇಲ್ಲದಿದ್ದರೆ ಆ ಪ್ರೈಮರಿಯಲ್ಲಿ ಯಾರು ಬೇಕಾದರೂ ಓಟು ಹಾಕಬಹುದು ಅಂತ ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಚೆನ್ನಾಗಿದೆ ಅಲ್ವಾ? ಆದರೆ ಒಬ್ಬರು ರೈಟ್-ಇನ್ ಅಭ್ಯರ್ಥಿ ಅಂತ ಅರ್ಜಿ ಹಾಕಿದರೆ ಸಾಕು, ಅವರೂ 'ಎದುರಾಳಿ' ಅಂತಲೇ ಲೆಕ್ಕ. ಪ್ರೈಮರಿಯ ಬಾಗಿಲು ಮತ್ತೆ ಬಂದ್. ಅರ್ಜಿಗೆ ಶುಲ್ಕವೂ ಇಲ್ಲ. ಪ್ರಚಾರವನ್ನೇ ಮಾಡದ ಇಂಥ ಅಭ್ಯರ್ಥಿಗಳು ಅಲ್ಲಿ ಎಷ್ಟೋ ಸಲ ಹುಟ್ಟಿಕೊಂಡಿದ್ದಾರೆ.

ಕ್ಯಾಲಿಫೋರ್ನಿಯಾದ ದಾರಿ ಬೇರೆ. ಎಲ್ಲ ಪಕ್ಷದವರೂ ಒಂದೇ ಪ್ರೈಮರಿಯಲ್ಲಿ ನಿಲ್ಲುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಇಬ್ಬರೂ ಒಂದೇ ಪಕ್ಷದವರಾಗಬಹುದು. ಒಬ್ಬರಿಗಿಂತ ವಾಸಿ.

ಇನ್ನೊಬ್ಬ ಸದಸ್ಯರು: ಅಲ್ಲಿ ನಮ್ಮ ಹಾಗೆ ನೋಟಾ ಇಲ್ವಾ?

ಉತ್ತರ: ನೆವಾಡಾದಲ್ಲಿ 1975ರಿಂದ ಇದೆ, ನಮಗೆ ಬಂದದ್ದು 2013ರಲ್ಲಿ. ಆದರೆ ಅದು ಅಧ್ಯಕ್ಷ, ಗವರ್ನರ್ ಥರ ಇಡೀ ರಾಜ್ಯ ಓಟು ಹಾಕುವ ಹುದ್ದೆಗಳಿಗೆ ಮಾತ್ರ. ಶಾಸಕರ ಸೀಟಿಗಿಲ್ಲ. ನೋಟಾವೇ ಮುಂದೆ ಬಂದರೂ ಅದರ ನಂತರದ ಅಭ್ಯರ್ಥಿಯೇ ಗೆದ್ದಂತೆ.

ಪ್ರಶ್ನೆ ಕೇಳಿದವರು: ನೀವು ಹೇಳಿದ ಮೇಲೆ ಹಳೆಯ ಫಲಿತಾಂಶ ತೆಗೆದು ನೋಡಿದೆ ಮೇಡಂ. ನಮ್ಮ ಪ್ರೈಮರಿ ಮಾರ್ಚ್‌ನಲ್ಲೇ ಆಗಿದೆ. ಮೂರು ಜನ ನಿಂತಿದ್ದರು. ಆಗಲೇ ನನಗೆ ಪೌರತ್ವ ಬಂದು ಎರಡು ತಿಂಗಳಾಗಿತ್ತು.