ಅಸಿಟೋನ್ ಸ್ಯಾಂಪಲ್ ಏರ್ ಕಾರ್ಗೋದಿಂದ ವಾಪಸ್ ಬಂತು, ಪೇಪರ್‌ನಲ್ಲಿ ಏನು ತಪ್ಪಾಗಿದೆ?

ಕೊಳಾರದ ಡಿಸ್ಪ್ಯಾಚ್:
ನಮಸ್ಕಾರ. ಬೀದರ್ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ಫ್ಯಾಕ್ಟರಿಯಲ್ಲಿದ್ದೇನೆ. ದೆಹಲಿ ಪಾರ್ಟಿಗೆ ಅರ್ಧ ಲೀಟರ್ ಅಸಿಟೋನ್ ಹೈದರಾಬಾದ್ ಮೇಲಿಂದ ಕಳಿಸಿದ್ದೆವು, ಕೌಂಟರ್‌ನಲ್ಲಿ ತಗೊಳ್ಳಲಿಲ್ಲ. ಡಿಕ್ಲರೇಷನ್‌ನಲ್ಲಿ (ಅಪಾಯಕಾರಿ ಸರಕಿಗೆ ಕಳಿಸುವವರು ತುಂಬಿಕೊಡೋ ಫಾರ್ಮ್) 'ಕೆಮಿಕಲ್ ಸ್ಯಾಂಪಲ್' ಅಂತ ಬರೆದಿದ್ದೆ, ತೂಕ ತಪ್ಪಾಗಿದ್ದಕ್ಕೆ ವೈಟ್ನರ್ ಹಚ್ಚಿ ತಿದ್ದಿದ್ದೆ. ಮುಂದಿನ ವಾರ ಮತ್ತೆ ಕಳಿಸಬೇಕು, ದಾರಿ ಹೇಳಿ.

ಆಳಂದದವ:
ತಮ್ಮಾ, ಕಾರ್ಗೋ ಅಕ್ಸೆಪ್ಟೆನ್ಸ್‌ನಲ್ಲಿ ಕೆಲಸ ಮಾಡಿದ್ದೇನೆ. ನೀನು ಹೇಳಿದ ಎರಡೂ ತಪ್ಪೇ. ಹೆಸರು ಅಸಿಟೋನ್ ಅಂತಲೇ ಇರಬೇಕು, ಜೊತೆಗೆ ಯುಎನ್ 1090 (ಅಸಿಟೋನ್‌ನ ಅಂತರರಾಷ್ಟ್ರೀಯ ನಂಬರ್), ಕ್ಲಾಸ್ 3 (ಬೆಂಕಿ ಹತ್ತುವ ದ್ರವ), ಪ್ಯಾಕಿಂಗ್ ಗ್ರೂಪ್ 2 (ಮಧ್ಯಮ ಅಪಾಯ), ಪ್ಯಾಕಿಂಗ್ ಇನ್‌ಸ್ಟ್ರಕ್ಷನ್ ನಂಬರ್ (ಹೇಗೆ ಪ್ಯಾಕ್ ಮಾಡಬೇಕು ಅನ್ನೋ ನಿಯಮದ ನಂಬರ್). ಪ್ಯಾಸೆಂಜರ್ ವಿಮಾನಕ್ಕಾದರೆ ಆ ನಂಬರ್ 353, ಒಂದು ಬಾಕ್ಸ್‌ಗೆ 5 ಲೀಟರ್ ಮೇಲೆ ಹೋಗಬಾರದು, ಬಾಕ್ಸ್ ಮೇಲೆ ಯುಎನ್ ಮಾರ್ಕ್ (ಪರೀಕ್ಷೆ ಪಾಸಾದ ಬಾಕ್ಸ್ ಅನ್ನೋ ಗುರುತು) ಬೇಕು. ತಿದ್ದಿದ ಕಡೆ ಡಿಕ್ಲರೇಷನ್‌ಗೆ ಸಹಿ ಹಾಕಿದವರೇ ಮತ್ತೆ ಸಹಿ ಹಾಕಬೇಕು, ವೈಟ್ನರ್ ಅಂತೂ ಬೇಡ, ಹೊಸ ಫಾರ್ಮ್ ತುಂಬು. ಎಡಬಲ ಅಂಚಿನಲ್ಲಿ ಕೆಂಪು ಗೆರೆ ಇರುವ ಫಾರ್ಮ್, ಎರಡು ಕಾಪಿ.

ಹುಮನಾಬಾದ್ ಅಕ್ಕ:
ಯುಎನ್ ನಂಬರ್ ಎಲ್ಲಿ ಹುಡುಕೋದು ಅಂತ ತಲೆ ಕೆಡಿಸಿಕೊಳ್ಳಬೇಡಪ್ಪ, ನಿಮ್ಮ ಸೇಫ್ಟಿ ಡೇಟಾ ಶೀಟ್‌ನ (ಕೆಮಿಕಲ್‌ನ ಸುರಕ್ಷತಾ ಮಾಹಿತಿ ಪತ್ರ) 14ನೇ ಸೆಕ್ಷನ್‌ನಲ್ಲಿ ಇರುತ್ತದೆ. ಏಜೆಂಟ್ ತುಂಬಿಕೊಟ್ಟರೂ ಮಾಹಿತಿಯ ಜವಾಬ್ದಾರಿ ಕಳಿಸುವವರದ್ದೇ.

ಆಳಂದದವ:
ಇನ್ನೊಂದು ಮಾತು. ಪಾರ್ಟಿಗೆ ಟೆಸ್ಟಿಂಗ್‌ಗೆ ಸ್ವಲ್ಪ ಸಾಕಾ ಕೇಳು. ಒಂದು ಬಾಟಲಿಗೆ 30 ಮಿ.ಲೀ., ಬಾಕ್ಸ್‌ಗೆ ಒಟ್ಟು 500 ಮಿ.ಲೀ. ಒಳಗಿದ್ದರೆ ಎಕ್ಸೆಪ್ಟೆಡ್ ಕ್ವಾಂಟಿಟಿ (ವಿನಾಯಿತಿ ಇರುವ ಸಣ್ಣ ಪ್ರಮಾಣ) ಲೆಕ್ಕದಲ್ಲಿ ಹೋಗುತ್ತದೆ, ಡಿಕ್ಲರೇಷನ್ನೇ ಬೇಕಿಲ್ಲ. ಆದರೆ ಅದರದ್ದೇ ಲೇಬಲ್ ಹಚ್ಚಬೇಕು, ಏರ್ ವೇಬಿಲ್‌ನಲ್ಲಿ (ವಿಮಾನ ಸರಕಿನ ಸಾಗಣೆ ರಸೀದಿ) ಎಕ್ಸೆಪ್ಟೆಡ್ ಕ್ವಾಂಟಿಟಿ ಅನ್ನೋ ಸಾಲು ಬರೆಯಬೇಕು, ಸೋರಿದರೆ ಹೀರುವಂಥದ್ದು ಒಳಗೆ ತುಂಬಬೇಕು. ಸುಮ್ನೆ ಹತ್ತಿ ತುರುಕಿ ಕಳಿಸಬೇಡ.

ಕೊಳಾರದ ಡಿಸ್ಪ್ಯಾಚ್:
ತುಂಬಾ ಉಪಕಾರವಾಯ್ತು ಅಣ್ಣ, ಅಕ್ಕ. 200 ಮಿ.ಲೀ. ಸಾಕಂತೆ, ಈಗಷ್ಟೇ ಕೇಳಿದೆ. ಒಂದೇ ಅನುಮಾನ: ಹೆಸರಿಗೆ ಇಷ್ಟೊಂದು ಜಿದ್ದು ಯಾಕೆ?

ಆಳಂದದವ:
ದೊಡ್ಡ ಕನ್ಸೈನ್‌ಮೆಂಟ್ ಆದರೆ ನಿನ್ನ ಫಾರ್ಮ್ ನೋಡಿಯೇ ನೊಟಾಕ್ ತಯಾರಾಗುತ್ತದೆ, ಅಂದರೆ ಹೊರಡೋ ಮೊದಲು ಕ್ಯಾಪ್ಟನ್ ಕೈಗೆ ಕೊಡೋ ಕಾಗದ. ಯಾವ ಸರಕು, ಎಷ್ಟು, ವಿಮಾನದ ಯಾವ ಹೋಲ್ಡ್‌ನಲ್ಲಿ (ಸರಕು ಇಡೋ ಜಾಗ) ಅಂತ ಅದರಲ್ಲಿರುತ್ತದೆ. ಮೇಲೆ ಹೋದಾಗ ಹೊಗೆ ಕಂಡರೆ ಅವರಿಗೆ ಬಾಕ್ಸ್ ಬಿಚ್ಚಿ ನೋಡೋಕೆ ಆಗಲ್ಲ, ಕೈಯಲ್ಲಿರೋದು ಆ ಕಾಗದ ಮಾತ್ರ. 'ಕೆಮಿಕಲ್' ಅಂತ ಓದಿ ಅವರೇನು ಮಾಡಬೇಕು ಹೇಳು?