ಯೂರಿಯಾದ ಜನಕ ಯಾರು? ‘ಮೂತ್ರಜನಕಾಂಗ’ ಎಂಬ ಪದವನ್ನು ಕುರಿತು

ಮಾನ್ಯರೇ,

ನಾವು ತಿನ್ನುವ ಬೇಳೆ, ಮೊಟ್ಟೆಗಳ ಪ್ರೋಟೀನಿನಲ್ಲಿರುವ ಸಾರಜನಕ ದೇಹದಿಂದ ಹೊರಬೀಳುವ ಬಗೆಯನ್ನು ಪ್ರೌಢಶಾಲೆಯ ಮಕ್ಕಳಿಗೆ ವಿವರಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಿಡ್ನಿಗೆ ‘ಮೂತ್ರಜನಕಾಂಗ’, ‘ಮೂತ್ರಪಿಂಡ’ ಎಂಬ ಎರಡೂ ಪದಗಳು ಬಳಕೆಯಲ್ಲಿವೆ. ಇಂಥ ಬರಹಕ್ಕೆ ಯಾವುದು ಒಪ್ಪುತ್ತದೆ ಎಂಬುದು ನನ್ನ ಪ್ರಶ್ನೆ.

ತೊಡಕಿರುವುದು ‘ಜನಕ’ದಲ್ಲಿ. ಕೊಬ್ಬನ್ನು ಕೂಡಿಡುವಂತೆ, ಪ್ರೋಟೀನು ಒಡೆದಾಗ ಸಿಗುವ ಅಮೈನೊ ಆಮ್ಲಗಳನ್ನು ಕೂಡಿಡಲು ದೇಹಕ್ಕೆ ಬಾರದು. ಬೇಕಾದದ್ದಕ್ಕಿಂತ ಹೆಚ್ಚಾಗಿ ಉಳಿದವುಗಳ ಸಾರಜನಕವು ಬಹುಮಟ್ಟಿಗೆ ಗ್ಲುಟಮೇಟ್ ಎಂಬ ಅಮೈನೊ ಆಮ್ಲಕ್ಕೆ ವರ್ಗಾವಣೆಯಾಗಿ, ಆಮೇಲೆ ಅದರಿಂದ ಅಮೋನಿಯವಾಗಿ ಬಿಡುಗಡೆಯಾಗುತ್ತದೆ. (ರಕ್ತಪರೀಕ್ಷೆಯ ವರದಿಯಲ್ಲಿ ಕಾಣುವ ಎಸ್‌ಜಿಒಟಿ, ಎಸ್‌ಜಿಪಿಟಿಗಳು ಈ ವರ್ಗಾವಣೆ ನಡೆಸುವ ಕಿಣ್ವಗಳೇ.) ಅಮೋನಿಯ ಮಿದುಳಿಗೆ ವಿಷ; ಅದನ್ನು ಮೂತ್ರದಲ್ಲಿ ಹೊರಹೋಗುವ ಯೂರಿಯಾ ಆಗಿ ಮಾರ್ಪಡಿಸುವ ಹೊಣೆ ಯಕೃತ್ತಿನದು (ಲಿವರ್). ಆರ್ನಿಥಿನ್, ಸಿಟ್ರುಲಿನ್, ಆರ್ಜಿನಿನ್ ಎಂಬ ಅಮೈನೊ ಆಮ್ಲಗಳ ಮೂಲಕ ಸುತ್ತುವ ಈ ಮಾರ್ಪಾಟಿನ ಚಕ್ರವನ್ನು ವಿಜ್ಞಾನಿಗಳಾದ ಹಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ 1932ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ತೋರಿಸಿಕೊಟ್ಟದ್ದು ಇಲಿಯ ಯಕೃತ್ತಿನಿಂದ ಕೊಯ್ದ ತೆಳುವಾದ ಬಿಲ್ಲೆಗಳನ್ನು ಇಟ್ಟುಕೊಂಡು.

ಕಿಡ್ನಿಗಳಾದರೋ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬಹುಪಾಲನ್ನು ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಕಳುಹಿಸುತ್ತವೆ. ಆದ್ದರಿಂದ ‘ಮೂತ್ರಜನಕ’ ಎಂಬುದು ಸುಳ್ಳಲ್ಲ. ಆದರೆ ಯಕೃತ್ತನ್ನು ‘ಪಿತ್ತಜನಕಾಂಗ’ ಎಂದೂ ಕಿಡ್ನಿಯನ್ನು ‘ಮೂತ್ರಜನಕಾಂಗ’ ಎಂದೂ ಒಂದೇ ಪುಟದಲ್ಲಿ ಬರೆದರೆ, ಮೊದಲನೆಯದು ಪಿತ್ತವನ್ನಷ್ಟೇ ಹುಟ್ಟಿಸುತ್ತದೆ, ಮೂತ್ರದಲ್ಲಿರುವುದೆಲ್ಲ ಎರಡನೆಯದರಲ್ಲೇ ಹುಟ್ಟುತ್ತದೆ ಎಂದು ಮಕ್ಕಳು ತಿಳಿದರೆ ತಪ್ಪು ಅವರದಲ್ಲ. ‘ಯೂರಿಯಾ ಪಿತ್ತಜನಕಾಂಗದಲ್ಲಿ ಉತ್ಪತ್ತಿಯಾಗಿ ಮೂತ್ರಜನಕಾಂಗವನ್ನು ಸೇರುತ್ತದೆ’ ಎಂಬ ನನ್ನದೇ ವಾಕ್ಯ ನನಗೆ ಒಗಟಿನಂತೆ ಕೇಳಿಸಿತು.

ಹಾಗಿದ್ದರೆ ‘ಆಮ್ಲಜನಕ’ದ ಗತಿಯೇನು ಎಂದು ಯಾರಾದರೂ ಕೇಳಬಹುದು. ಎಲ್ಲ ಆಮ್ಲಗಳಲ್ಲೂ ಆ ಅನಿಲವಿದೆಯೆಂದು ಫ್ರಾನ್ಸಿನ ರಸಾಯನವಿಜ್ಞಾನಿ ಲವಾಸಿಯೆ ತಪ್ಪಾಗಿ ನಂಬಿ ಇಟ್ಟ ಹೆಸರಿನ ಕನ್ನಡ ರೂಪ ಅದು, ಆದರೂ ಅದನ್ನು ಬಿಡಬೇಕೆಂದು ನಾನು ಹೇಳಲಾರೆ, ಏಕೆಂದರೆ ಓದುವವರಿಗೆ ಅದೀಗ ಬರಿಯ ಹೆಸರು, ಅದರ ಒಡಲನ್ನು ಬಿಡಿಸಿ ಯಾರೂ ನೋಡುವುದಿಲ್ಲ. ‘ಮೂತ್ರಜನಕಾಂಗ’ವಿನ್ನೂ ಹಾಗೆ ಮಾಗಿಲ್ಲ, ಕೇಳಿದೊಡನೆ ಅರ್ಥ ಬಿಚ್ಚಿಕೊಳ್ಳುತ್ತದೆ.

‘ಮೂತ್ರಪಿಂಡ’ ಆಕಾರವನ್ನಷ್ಟೇ ಹೇಳಿ ಸುಮ್ಮನಾಗುವುದರಿಂದ ನನಗೆ ಅದೇ ಮೇಲೆನಿಸುತ್ತದೆ. ಶ್ರಾದ್ಧದ ಪಿಂಡ ನೆನಪಾಗುತ್ತದೆಂದು ಒಬ್ಬ ಸ್ನೇಹಿತರು ಆಕ್ಷೇಪಿಸಿದರು. ‘ಭ್ರೂಣ’ದ ಅರ್ಥದಲ್ಲಿಯೂ ಪಿಂಡ ಬಳಕೆಯಲ್ಲಿರುವಾಗ ಆ ಆಕ್ಷೇಪಣೆ ನಿಲ್ಲಲಾರದು. ‘ಮೂತ್ರಕೋಶ’ವನ್ನು ಕೆಲವರು ಕಿಡ್ನಿಗೆ ಬಳಸುತ್ತಾರೆ, ಆದರೆ ಅದು ಮೂತ್ರ ತುಂಬಿಕೊಳ್ಳುವ ಚೀಲದ ಹೆಸರು.

‘ಮೂತ್ರಜನಕಾಂಗ’ವನ್ನೇ ಉಳಿಸಿಕೊಳ್ಳಬೇಕೆನ್ನುವವರು ದಯವಿಟ್ಟು ಕಾರಣ ತಿಳಿಸಬೇಕು. ಕುರಿ, ಮೇಕೆಗಳ ಈ ಅಂಗಕ್ಕೆ ನಿಮ್ಮ ಊರಿನ ಮಾಂಸದಂಗಡಿಯಲ್ಲಿ ಯಾವ ಹೆಸರಿದೆ ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ.