ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು: ಡಿಸೈನ್ ಎಲ್ಲಾ ಹೋಯ್ತಾ?

ಪ್ರಶ್ನೆ (ಗದಗ-ಬೆಟಗೇರಿ):
ನಮಸ್ಕಾರ ಸರ್. ನನ್ನದು ಲಗ್ನಪತ್ರಿಕೆ ಡಿಸೈನ್ ಮಾಡುವ ಸಣ್ಣ ಡಿಟಿಪಿ ಅಂಗಡಿ. 2012ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಇದೆ. ಎರಡನೇ ಜನರೇಶನ್ ಐ3, ವಿಂಡೋಸ್ 7. ಮೊನ್ನೆ ರಾತ್ರಿ ಕರೆಂಟ್ ಎರಡು ಮೂರು ಸಲ ಹೋಗಿ ಬಂತು. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಬೀಪ್ ಕೂಡ ಇಲ್ಲ. ಒಬ್ಬರು ಬಂದು ನೋಡಿ ‘ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ’ ಅಂದರು. ಇಷ್ಟು ವರ್ಷದ ಡಿಸೈನ್ ಎಲ್ಲಾ ಅದರಲ್ಲೇ ಇದೆ. ಬ್ಯಾಕಪ್ ಇಲ್ಲ. ಈ ವಾರ ನಾಲ್ಕು ಪತ್ರಿಕೆ ಕೊಡಬೇಕು. ಎಲ್ಲಾ ಹೋಯ್ತಾ?

ಉತ್ತರ (ಹುಬ್ಬಳ್ಳಿ, ಕಂಪ್ಯೂಟರ್ ರಿಪೇರಿ):
ಮೊದಲು ಗಾಬರಿ ಬಿಡಿ. ನಿಮ್ಮ ಡಿಸೈನ್ ಇರುವುದು ಹಾರ್ಡ್ ಡಿಸ್ಕಿನಲ್ಲಿ, ಮದರ್‌ಬೋರ್ಡಿನಲ್ಲಿ ಅಲ್ಲ. ಬೋರ್ಡ್ ನಿಜವಾಗಿ ಸತ್ತಿದ್ದರೂ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಓದಬಹುದು. ಸಾಟಾ ಎಂಬ ಡಿಸ್ಕಿನ ಕನೆಕ್ಟರಿನಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಸಿಗುತ್ತದೆ. ತರುವಾಗ ಜೊತೆಗೆ 12 ವೋಲ್ಟ್ ಅಡಾಪ್ಟರ್ ಇರುವುದನ್ನೇ ಕೇಳಿ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್ ಮಾತ್ರ. ಅಡಾಪ್ಟರ್ ಇಲ್ಲದ ಕೇಬಲ್ ತಂದು, ಡಿಸ್ಕ್ ತಿರುಗದೇ ಇದ್ದಾಗ ‘ಡಿಸ್ಕೂ ಹೋಯ್ತು’ ಎಂದು ಅತ್ತವರನ್ನು ನೋಡಿದ್ದೇನೆ.

ಈಗ ಬೋರ್ಡಿನ ಮಾತು. ಫ್ಯಾನ್ ತಿರುಗಿ ಡಿಸ್ಪ್ಲೇ ಬರದಿದ್ದರೆ ನಾನು ಮೊದಲು ಕೈ ಹಾಕುವುದು ಬೋರ್ಡಿಗೆ ಸಿಕ್ಕಿಸಿದ ಮೆಮೊರಿ ಪಟ್ಟಿಗೆ, ಅಂದರೆ ರ್‍ಯಾಮಿಗೆ. ಗೋಡೆಯ ವೈರ್ ಕಿತ್ತುಬಿಡಿ. ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಒಮ್ಮೆ ಮುಟ್ಟಿ, ಆಮೇಲೆ ರ್‍ಯಾಮ್ ತೆಗೆಯಿರಿ. ಅದರ ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ಮರಳುಕಾಗದ ಬೇಡ, ಲೇಪವೇ ಎದ್ದು ಹೋಗುತ್ತದೆ.

ರ್‍ಯಾಮ್ ವಾಪಸ್ ಹಾಕುವ ಮುಂಚೆ ಒಂದು ಪರೀಕ್ಷೆ ಇದೆ. ನಿಮ್ಮ ಕ್ಯಾಬಿನೆಟ್ಟಿನಲ್ಲಿ ಸ್ಪೀಕರ್ ಇದೆಯಾ ನೋಡಿ. ಬಹಳ ಕ್ಯಾಬಿನೆಟ್‌ಗಳಲ್ಲಿ ಇರುವುದೇ ಇಲ್ಲ, ಹಾಗಾಗಿ ‘ಬೀಪ್ ಇಲ್ಲ’ ಎಂಬುದರಿಂದ ಏನೂ ಗೊತ್ತಾಗುವುದಿಲ್ಲ. ಯಾವುದಾದರೂ ಹಳೆ ಕ್ಯಾಬಿನೆಟ್ಟಿನ ಸಣ್ಣ ಸ್ಪೀಕರ್ ತಂದು ಬೋರ್ಡಿನ ಪಿನ್ನಿಗೆ ಸಿಕ್ಕಿಸಿ. ರ್‍ಯಾಮ್ ಇಲ್ಲದೆ ಆನ್ ಮಾಡಿ. ಬೋರ್ಡ್ ಬೀಪ್ ಎಂದು ಕೂಗಿದರೆ ಅದು ‘ನನ್ನ ರ್‍ಯಾಮ್ ಎಲ್ಲಿ’ ಎಂದು ಕೇಳುತ್ತಿದೆ. ಅಂದರೆ ಬೋರ್ಡೂ ಪ್ರೊಸೆಸರೂ ಜೀವಂತ ಇವೆ. ವೈರ್ ಮತ್ತೆ ಕಿತ್ತು, ಆಮೇಲೆ ರ್‍ಯಾಮ್ ಹಾಕಿ.

ಕೂಗದಿದ್ದರೆ ಪ್ರೊಸೆಸರ್ ಪಕ್ಕದ ನಾಲ್ಕು ಪಿನ್ನಿನ 12 ವೋಲ್ಟ್ ಕನೆಕ್ಟರ್ ಗಟ್ಟಿಯಾಗಿ ಕೂತಿದೆಯಾ ನೋಡಿ. ಅದು ಬಿಚ್ಚಿದ್ದರೂ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಬರುವುದಿಲ್ಲ. ಆಮೇಲೆ ಎಸ್‌ಎಂಪಿಎಸ್, ಅಂದರೆ ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿ. ಮಲ್ಟಿಮೀಟರಿನಲ್ಲಿ ಹಳದಿ ವೈರ್ 11.4ರಿಂದ 12.6, ಕೆಂಪು 4.75ರಿಂದ 5.25 ವೋಲ್ಟಿನೊಳಗೆ ಇರಬೇಕು. ಕಂಪ್ಯೂಟರ್ ಆನ್ ಇದ್ದಾಗಲೇ ಅಳೆಯಿರಿ. ಹೊರೆ ಇಲ್ಲದಾಗ ಎಲ್ಲಾ ಎಸ್‌ಎಂಪಿಎಸ್ ಚೆನ್ನಾಗೇ ಕಾಣುತ್ತದೆ. ಒಂದು ಮಾತು ಕೈ ಮುಗಿದು ಹೇಳುತ್ತೇನೆ, ಎಸ್‌ಎಂಪಿಎಸ್ ಡಬ್ಬಿ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ಇರುತ್ತದೆ, ವೈರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿರುತ್ತದೆ.

ಪ್ರಶ್ನೆ (ಅದೇ ಗದಗದವರು, ಸಂಜೆ):
ಸರ್, ಪಕ್ಕದ ಪ್ರೆಸ್ಸಿನ ಗುಜರಿ ಕ್ಯಾಬಿನೆಟ್ಟಿನಿಂದ ಸ್ಪೀಕರ್ ತಂದೆ. ರ್‍ಯಾಮ್ ಇಲ್ಲದೆ ಆನ್ ಮಾಡಿದೆ, ಬೀಪ್ ಬಂತು! ರ್‍ಯಾಮ್ ಉಜ್ಜಿ ಹಾಕಿದೆ, ಸ್ಕ್ರೀನೂ ಬಂತು. ಆದರೆ ಎಫ್1 ಒತ್ತಿ ಅಂತ ಕೇಳುತ್ತದೆ, ತಾರೀಖು ತಪ್ಪು. ಒತ್ತಿದರೆ ವಿಂಡೋಸ್ ಲೋಗೋ ಬರುತ್ತದೆ, ನೀಲಿ ಸ್ಕ್ರೀನ್ ಮಿಂಚಿದ ಹಾಗೆ ಬಂದು ರೀಸ್ಟಾರ್ಟ್ ಆಗುತ್ತದೆ. ಮತ್ತೆ ಅದೇ. ‘ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಮಾಡೋಣ’ ಅನ್ನುತ್ತಿದ್ದಾರೆ.

ಉತ್ತರ:
ಫಾರ್ಮ್ಯಾಟ್ ಬೇಡ. ದಯವಿಟ್ಟು ಯಾರಿಗೂ ಮಾಡಲು ಬಿಡಬೇಡಿ. ಬೋರ್ಡ್ ಬದುಕಿದೆ, ಅದು ತುಂಬಾ ಸಂತೋಷ.

ಈಗ ಆಗಿರುವುದು ಇದು. ಬೋರ್ಡಿನ ಮೇಲೆ ನಾಣ್ಯದಂಥ ಸೆಲ್ ಇದೆ, ಸಿಆರ್2032, 3 ವೋಲ್ಟಿನದು. ತಾರೀಖು ಮತ್ತು ಬಯೋಸ್ (ವಿಂಡೋಸಿಗೂ ಮುಂಚೆ ಏಳುವ ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗ್ ಕಾಯುವುದು ಅದರ ಕೆಲಸ. ನಿಮ್ಮ ಸೆಲ್ ಯಾವಾಗಲೋ ಸತ್ತಿದೆ. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಎಸ್‌ಎಂಪಿಎಸ್ಸಿನ ಸ್ಟ್ಯಾಂಡ್‌ಬೈ 5 ವೋಲ್ಟ್ ಆ ಕೆಲಸ ಮಾಡುತ್ತಿತ್ತು, ಅದಕ್ಕೇ ನಿಮಗೆ ಗೊತ್ತಾಗಲಿಲ್ಲ. ಕರೆಂಟ್ ಹೋದಾಗ, ವೈರ್ ಕಿತ್ತಾಗ ಕಾಯುವವರು ಇಲ್ಲದೆ ಸೆಟ್ಟಿಂಗ್ ಎಲ್ಲಾ ಅಳಿಸಿ, ಕಂಪನಿಯಿಂದ ಬಂದಾಗಿನದಕ್ಕೆ ಹೋಗಿದೆ.

ಆ ಸೆಟ್ಟಿಂಗಿನಲ್ಲಿ ‘ಸಾಟಾ ಮೋಡ್’ ಅಂತ ಒಂದಿದೆ, ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ. ಐಡಿಇ ಅಥವಾ ಎಎಚ್‌ಸಿಐ. ವಿಂಡೋಸ್ 7 ಯಾವ ಮೋಡಿನಲ್ಲಿ ಹಾಕಿದ್ದರೋ ಅದರಲ್ಲೇ ಏಳುತ್ತದೆ. ಬೇರೆ ಮೋಡಿನಲ್ಲಿ ಎಬ್ಬಿಸಿದರೆ ತನ್ನ ಡಿಸ್ಕನ್ನೇ ಗುರುತಿಸದೆ ನೀಲಿ ಸ್ಕ್ರೀನ್ ಕೊಟ್ಟು ಬೀಳುತ್ತದೆ. ನೀಲಿ ಸ್ಕ್ರೀನಿನ ಫೋಟೊ ಸಿಕ್ಕರೆ ‘STOP’ ಎಂಬ ಸಾಲಿನ ಮೊದಲ ಸಂಖ್ಯೆಯ ಕೊನೆಯಲ್ಲಿ 7ಬಿ ಇದೆಯಾ ನೋಡಿ. ಇದ್ದರೆ ಹೆಚ್ಚುಕಡಿಮೆ ಇದೇ.

ಹೊಸ ಸೆಲ್ ಹಾಕಿ, ಪ್ಲಸ್ ಗುರುತು ಮೇಲಕ್ಕೆ. ಆನ್ ಮಾಡುತ್ತಲೇ ಡಿಲೀಟ್ ಕೀ ಒತ್ತುತ್ತಾ ಬಯೋಸಿಗೆ ಹೋಗಿ. ತಾರೀಖು ಸರಿ ಮಾಡಿ, ಸಾಟಾ ಮೋಡ್ ಐಡಿಇ ಇದ್ದರೆ ಎಎಚ್‌ಸಿಐ ಮಾಡಿ, ಎಫ್10 ಒತ್ತಿ ಸೇವ್ ಮಾಡಿ. ಅದನ್ನು ಬಿಟ್ಟು ಬೇರೇನೂ ಮುಟ್ಟಬೇಡಿ.

ಪ್ರಶ್ನೆ (ಬ್ಯಾಡಗಿ):
ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಕಂಪ್ಯೂಟರ್ ಆನ್ ಆಗುತ್ತದೆ, ಹತ್ತು ನಿಮಿಷಕ್ಕೆ ಪಟ್ ಅಂತ ಆಫ್. ಕೂಡಲೇ ಒತ್ತಿದರೆ ಎರಡೇ ನಿಮಿಷಕ್ಕೆ ಆಫ್.

ಉತ್ತರ:
ಕಾವು. ತಣ್ಣಗಿದ್ದಾಗ ಹತ್ತು ನಿಮಿಷ, ಬಿಸಿ ಇದ್ದಾಗ ಎರಡು ನಿಮಿಷ ಅಂದಿರಲ್ವಾ, ಅದೇ ಸಾಕ್ಷಿ. ಪ್ರೊಸೆಸರ್ ಸುಡಬಾರದೆಂದು ತಾನೇ ಆಫ್ ಆಗುತ್ತಿದೆ. ಫ್ಯಾನಿನ ಕೆಳಗೆ ಕಾವು ಹೀರುವ ಲೋಹದ ಹೀಟ್‌ಸಿಂಕಿನ ಸಂದಿಗಳಲ್ಲಿ ಮೆಣಸಿನ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ. ಸೀಸನ್ನಿನಲ್ಲಿ ನಿಮ್ಮ ಕಡೆಯ ಕ್ಯಾಬಿನೆಟ್ ಬಿಚ್ಚಿದರೆ ಒಳಗೆಲ್ಲಾ ಕೆಂಪು. ಹೊರಗೆ ತಂದು, ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಬ್ಲೋವರ್ ಹಿಡಿಯಿರಿ. ಫ್ಯಾನಿನ ರೆಕ್ಕೆ ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳು. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ಮಧ್ಯೆ ಇರುವ ಹಳೆ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಜಾಸ್ತಿ ಬೇಡ.

ಪ್ರಶ್ನೆ (ಧಾರವಾಡ):
ನಮ್ಮ ಮನೆಯ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ಇದ್ದರೆ ಇನ್ನೂ ಜಾಸ್ತಿ.

ಉತ್ತರ:
ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸಣ್ಣ ಕರೆಂಟನ್ನು ಅರ್ಥ್ ವೈರಿಗೆ ಬಿಡುತ್ತದೆ. ಆ ವೈರಿಗೆ ಭೂಮಿ ಸಿಗದಿದ್ದರೆ ಕ್ಯಾಬಿನೆಟ್ ಮೇಲೆ 115 ವೋಲ್ಟಿನ ಆಸುಪಾಸು ಕೂರುತ್ತದೆ. ಕರೆಂಟ್ ತೀರಾ ಕಡಿಮೆ, ಆದರೂ ಸುಮ್ನೆ ಬಿಡುವ ಮಾತಲ್ಲ. ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ, ಮೂರು ಪಿನ್ನಿನ ಸಾಕೆಟ್ಟಿಗೆ ನಿಜವಾಗಿ ಅರ್ಥ್ ಬಂದಿದೆಯಾ ಅಳೆಸಿ. ಮೂರನೇ ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ.

ಪ್ರಶ್ನೆ (ಗದಗ, ಮರುದಿನ):
ಸರ್, ಎಎಚ್‌ಸಿಐ ಮಾಡಿದ ಕೂಡಲೇ ವಿಂಡೋಸ್ ಬಂತು! ಕಣ್ಣಲ್ಲಿ ನೀರು ಬಂತು ಸರ್. ಆದರೆ ಫೈಲ್ ತೆರೆಯುವಾಗ ತಡೆಯುತ್ತದೆ. ಡಿಸ್ಕ್ ಪರೀಕ್ಷಿಸುವ ಸಾಫ್ಟ್‌ವೇರ್ ಹಳದಿ ಬಣ್ಣದಲ್ಲಿ ‘ಕಾಷನ್’ ತೋರಿಸುತ್ತಿದೆ, ಸಿ5 ಎಂಬ ಸಾಲಿನಲ್ಲಿ. ಚೆಕ್‌ಡಿಸ್ಕ್ ಓಡಿಸಲಾ?

ಉತ್ತರ:
ಈಗ ಬೇಡ. ಸಿ5 ಅಂದರೆ ಡಿಸ್ಕ್ ಓದಲಾಗದೆ ಬಾಕಿ ಇಟ್ಟಿರುವ ಜಾಗಗಳು. ಸೋತ ಡಿಸ್ಕಿಗೆ, ಇಡೀ ಡಿಸ್ಕ್ ತಡಕಿ ರಿಪೇರಿ ಮಾಡುವ ಚೆಕ್‌ಡಿಸ್ಕ್ ದೊಡ್ಡ ಹೊರೆ, ಅದರ ಮಧ್ಯೆಯೇ ನಿಂತುಹೋಗಬಹುದು. ಮೊದಲು ಕಾಪಿ. ಈ ವಾರದ ನಾಲ್ಕು ಪತ್ರಿಕೆ ಮೊದಲು, ಆಮೇಲೆ ಉಳಿದ ಡಿಸೈನ್, ಕೊನೆಗೆ ಫೋಟೊಗಳು. ಯಾವುದಾದರೂ ಫೈಲ್ ಸಿಕ್ಕಿಹಾಕಿಕೊಂಡರೆ ಬಿಟ್ಟು ಮುಂದೆ ಹೋಗಿ, ಎಲ್ಲಾ ಮುಗಿದ ಮೇಲೆ ಅದಕ್ಕೆ ಬನ್ನಿ. ಕಟ್ ಮಾಡಬೇಡಿ, ಕಾಪಿ ಮಾತ್ರ.

ಡಿಟಿಪಿಯವರು ಮರೆಯುವುದು ಫಾಂಟ್. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ಕಾಪಿ ಮಾಡಿ. ಹಳೆ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಪತ್ರಿಕೆ ಯುನಿಕೋಡ್ ಅಲ್ಲ. ಫೈಲ್ ಉಳಿದು ಫಾಂಟ್ ಹೋದರೆ ‘ಶ್ರೀ ಗಣೇಶಾಯ ನಮಃ’ ಇರುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ.

ಕಾಪಿ ಆದ ಮೇಲೆ ಹಳೆ ಹಾರ್ಡ್ ಡಿಸ್ಕಿನ ಬದಲು ಒಂದು 256 ಜಿಬಿ ಎಸ್‌ಎಸ್‌ಡಿ ಹಾಕಿ, ಈ ಐ3 ನಿಮ್ಮ ಕೆಲಸಕ್ಕೆ ಇನ್ನೂ ಸಾಕು. ವಿಂಡೋಸ್ 7ಕ್ಕೆ 2020ರ ಜನವರಿಯಿಂದ ಮೈಕ್ರೋಸಾಫ್ಟ್ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲಿಸಿದೆ, ಹಾಗಾಗಿ ಅದಕ್ಕೆ ಇಂಟರ್ನೆಟ್ ಕೊಡಬೇಡಿ. ಗಿರಾಕಿಗಳ ಪೆನ್‌ಡ್ರೈವನ್ನು ಮೊದಲು ಬೇರೆ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ. ಕಾಪಿ ಎಲ್ಲಿಗೆ ಬಂತು, ರಾತ್ರಿ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.